ಮಾಜಿ ಸೈನಿಕರ ಚಿಕಿತ್ಸೆ: ಪಾಲಿಕ್ಲಿನಿಕ್ ಮಂಗಳೂರಿನಲ್ಲಿ, ಆಸ್ಪತ್ರೆ ಮಣಿಪಾಲದಲ್ಲಿ, ಉತ್ತರ ಕೊಡಬೇಕಾದವರು ದಿಲ್ಲಿಯಲ್ಲಿ

ಕಾರ್ಕಳ ತಾಲೂಕಿನ ಒಂದು ಹಳ್ಳಿ ಅಂದುಕೊಳ್ಳಿ. ಸೇನೆಯಲ್ಲಿ 24 ವರ್ಷ ದುಡಿದು ಹವಾಲ್ದಾರ್ ಆಗಿ ನಿವೃತ್ತರಾದ ಒಬ್ಬರಿದ್ದಾರೆ. ವಯಸ್ಸು 64. ಬಿಪಿ, ಶುಗರ್ ಎರಡೂ ಇದೆ. ಮೊನ್ನೆಯಿಂದ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗ್ತಿದೆ. ಹೃದಯದ ವೈದ್ಯರಿಗೆ ತೋರಿಸಬೇಕು. ದೊಡ್ಡ ಆಸ್ಪತ್ರೆ ಇರುವುದು ಮಣಿಪಾಲದಲ್ಲಿ, ಮನೆಯಿಂದ ಮೂವತ್ತೈದು ಕಿಲೋಮೀಟರ್. ಆದರೆ ಅವರ ಕೈಯಲ್ಲಿರುವ ಇಸಿಎಚ್‌ಎಸ್ ಕಾರ್ಡ್ ಪ್ರಕಾರ ಮೊದಲು ಪಾಲಿಕ್ಲಿನಿಕ್‌ಗೆ ಹೋಗಬೇಕು, ಅಲ್ಲಿನ ವೈದ್ಯರು ರೆಫರಲ್ ಕೊಡಬೇಕು, ಆಮೇಲೆ ಆಸ್ಪತ್ರೆ. ಪಾಲಿಕ್ಲಿನಿಕ್ ಇರುವುದು ಮಂಗಳೂರಿನಲ್ಲಿ. ಹಾಗಾಗಿ ಬೆಳಿಗ್ಗೆ ಬಸ್ ಹಿಡಿದು ಮೂಡುಬಿದಿರೆ ಮೇಲೆ ಐವತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ, ಒಂದು ಕಾಗದ ತೆಗೆದುಕೊಂಡು, ವಾಪಸು ಬಂದು, ಮರುದಿನ ಅದೇ ಎದೆ ಹಿಡಿದುಕೊಂಡು ಮಣಿಪಾಲದ ಬಸ್ ಹತ್ತಬೇಕು.

ಇದು ಕಲ್ಪಿತ ಉದಾಹರಣೆ. ಆದರೆ ಉಡುಪಿ ಜಿಲ್ಲೆಯಲ್ಲಿ ಯಾವ ಮಾಜಿ ಸೈನಿಕರನ್ನು ಬೇಕಾದರೂ ಕೇಳಿ, "ಇದರಲ್ಲೇನು ಹೊಸದು ಮಾರಾಯ್ರೆ" ಅಂತಾರೆ. ಈ ಜಿಲ್ಲೆಯವರು ವರ್ಷಗಳಿಂದ ನೆಚ್ಚಿಕೊಂಡು ಬಂದಿರುವುದು ಮಂಗಳೂರಿನ ಪಾಲಿಕ್ಲಿನಿಕ್ ಅನ್ನೇ. ಕಾಪುವಿನವರಿಗೆ ಅದು ಹೆದ್ದಾರಿಯ ಮೇಲೆ ಒಂದು ಗಂಟೆ ದಾರಿ. ಉಡುಪಿಯವರಿಗೆ ಸುಮಾರು 60 ಕಿ.ಮೀ. ಬೈಂದೂರಿನವರಿಗೆ ನೂರರ ಮೇಲೆ. ಉಡುಪಿಯಲ್ಲೇ ಒಂದು ಪಾಲಿಕ್ಲಿನಿಕ್ ಬೇಕು ಅನ್ನುವುದು ಇಲ್ಲಿನವರ ಹಳೆಯ ಬೇಡಿಕೆ.

ಈ ಬರಹ ದೂರದ ಬಗ್ಗೆ ಮಾತ್ರ ಅಲ್ಲ. ಪಾಲಿಕ್ಲಿನಿಕ್‌ನಲ್ಲಿ ಔಷಧಿ ಇಲ್ಲದಿದ್ದರೆ, ವೈದ್ಯರ ಹುದ್ದೆ ಖಾಲಿ ಬಿದ್ದಿದ್ದರೆ, ಆಸ್ಪತ್ರೆಯ ಕೌಂಟರ್‌ನಲ್ಲಿ "ಇಸಿಎಚ್‌ಎಸ್ ಕ್ಯಾಶ್‌ಲೆಸ್ ಈಗ ತೆಗೆದುಕೊಳ್ಳುತ್ತಿಲ್ಲ" ಅಂದರೆ, ಅದನ್ನು ಕೇಳುವ ಅಧಿಕಾರ ಯಾವ ಜನಪ್ರತಿನಿಧಿಗಿದೆ? ಯಾವ ಸಭೆಯಲ್ಲಿ? ನಮ್ಮ ಶಾಸಕಾಂಗಗಳು ಮಾಜಿ ಸೈನಿಕರಿಗೆ ಸಿಗುವ ಚಿಕಿತ್ಸೆಯ ಗುಣಮಟ್ಟವನ್ನು ನಿಜವಾಗಿ ನೋಡುತ್ತಿವೆಯೇ, ಅಥವಾ ಹಣ ಎಷ್ಟು ಕೊಟ್ಟೆವು ಎಂಬಲ್ಲಿಗೇ ನಿಲ್ಲುತ್ತಿವೆಯೇ? ಪ್ರತಿ ಜುಲೈ 26ಕ್ಕೆ ಅಜ್ಜರಕಾಡಿನ ಸೈನಿಕ ಸ್ಮಾರಕಕ್ಕೆ ಹೂ ಇಡುವವರು ಈ ಪ್ರಶ್ನೆಗೂ ಸ್ವಲ್ಪ ಹೊತ್ತು ಕೊಡಬೇಕು.

ಇಸಿಎಚ್‌ಎಸ್ ಅಂದರೆ ಏನು, ಹೇಗೆ ನಡೆಯುತ್ತದೆ

ಸೇವೆಯಲ್ಲಿರುವ ಸೈನಿಕನಿಗೆ ಸೇನಾ ಆಸ್ಪತ್ರೆ ಇದೆ. ನಿವೃತ್ತರಾದವರಿಗೆ 2003ಕ್ಕೆ ಮೊದಲು ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಸೇನಾ ಆಸ್ಪತ್ರೆಗಳಲ್ಲಿ ಜಾಗ ಇದ್ದರೆ ನೋಡುತ್ತಿದ್ದರು, ಅಷ್ಟೆ. ಆ ಆಸ್ಪತ್ರೆಗಳಿರುವುದಾದರೂ ದಂಡು ಪ್ರದೇಶಗಳಲ್ಲಿ. ನಮ್ಮ ಕರಾವಳಿಗೆ ಹತ್ತಿರ ಅಂದರೆ ಕಾರವಾರದ ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಪತಂಜಲಿ, ಉಡುಪಿಯಿಂದ 200 ಕಿ.ಮೀ. ಆಸುಪಾಸು. ಇಲ್ಲದಿದ್ದರೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆ. ಈ ಕೊರತೆ ತುಂಬಲು 2002ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. 2003ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಹೆಸರಿನಲ್ಲೇ ಇದೆ, ಮಾಜಿ ಸೈನಿಕರು ವಂತಿಗೆ ಕೊಟ್ಟು ಸೇರುವ ಆರೋಗ್ಯ ಯೋಜನೆ. ಅದೇ ಇಸಿಎಚ್‌ಎಸ್.

ಈ 'ವಂತಿಗೆ' ಎಂಬ ಮಾತನ್ನು ಮರೆಯಬಾರದು. ನಿವೃತ್ತಿಯ ಸಮಯದಲ್ಲಿ ಒಂದೇ ಬಾರಿಗೆ ಹಣ ಕಟ್ಟಿಸಿಕೊಳ್ಳುತ್ತಾರೆ. 2017ರ ಕೊನೆಯಲ್ಲಿ ನಿಗದಿಯಾದ ದರದಂತೆ ಹವಾಲ್ದಾರ್‌ವರೆಗಿನವರಿಗೆ 30,000 ರೂ., ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000 ರೂ., ಅಧಿಕಾರಿಗಳಿಗೆ 1,20,000 ರೂ. ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರಿಗೂ 1996ಕ್ಕೆ ಮೊದಲು ನಿವೃತ್ತರಾದವರಿಗೂ ವಿನಾಯಿತಿ ಇದೆ. ಉಳಿದವರು ಕಟ್ಟಿದ್ದಾರೆ. ಹಾಗಾಗಿ ಚಿಕಿತ್ಸೆ ಸರಿಯಿಲ್ಲ ಅಂತ ದೂರುವವರು ಧರ್ಮಕ್ಕೆ ಸಿಕ್ಕಿದ್ದರಲ್ಲಿ ಹುಳುಕು ಹುಡುಕುತ್ತಿಲ್ಲ. ದುಡ್ಡು ಕೊಟ್ಟವರು ಲೆಕ್ಕ ಕೇಳುತ್ತಿದ್ದಾರೆ.

ಪಿಂಚಣಿ ಪಡೆಯುವ ಮಾಜಿ ಸೈನಿಕ, ಪತ್ನಿ, ಅವಲಂಬಿತ ಮಕ್ಕಳು, ನಿಗದಿತ ಮಿತಿಯೊಳಗೆ ಆದಾಯ ಇರುವ ತಂದೆತಾಯಿ, ಕುಟುಂಬ ಪಿಂಚಣಿ ಪಡೆಯುವ ವಿಧವೆಯರು ಎಲ್ಲ ಸೇರಿ ದೇಶದಲ್ಲಿ 60 ಲಕ್ಷದ ಆಸುಪಾಸು ಜನ ಈ ಯೋಜನೆಯಲ್ಲಿದ್ದಾರೆ. ಪಾಲಿಕ್ಲಿನಿಕ್‌ಗಳು ನಾನೂರಕ್ಕೂ ಹೆಚ್ಚು, ಪ್ರಾದೇಶಿಕ ಕೇಂದ್ರಗಳು 30. ನಮ್ಮ ಕಡೆಯದು ಬೆಂಗಳೂರು ಪ್ರಾದೇಶಿಕ ಕೇಂದ್ರ. ಒಂದು ಊರಿನ ಸುತ್ತ ಎಷ್ಟು ಮಾಜಿ ಸೈನಿಕರಿದ್ದಾರೆ ಎಂಬುದರ ಮೇಲೆ ಎ, ಬಿ, ಸಿ, ಡಿ ಅಂತ ಪಾಲಿಕ್ಲಿನಿಕ್‌ಗೆ ದರ್ಜೆ ಕೊಡುತ್ತಾರೆ. ಎಷ್ಟು ವೈದ್ಯರು, ಯಾವ ಯಂತ್ರ, ಲ್ಯಾಬ್ ಇರಬೇಕೇ ಬೇಡವೇ ಎಲ್ಲವೂ ಈ ದರ್ಜೆಯ ಮೇಲೆ. ಕೊಡಗಿನಂಥ ಸೈನಿಕರ ಜಿಲ್ಲೆಗೆ ಮಡಿಕೇರಿ, ವಿರಾಜಪೇಟೆ ಎರಡೂ ಕಡೆ ಪಾಲಿಕ್ಲಿನಿಕ್ ಸಿಕ್ಕಿದ್ದು ಇದೇ ಲೆಕ್ಕದಿಂದ. ಕರಾವಳಿಯಲ್ಲಿ ಸೇನೆಗೆ ಹೋದವರು ಅಷ್ಟಿಲ್ಲ, ಇದ್ದವರೂ ಉದ್ದದ ಜಿಲ್ಲೆಯಲ್ಲಿ ಚದುರಿ ಹೋಗಿದ್ದಾರೆ. ತಲೆ ಎಣಿಸುವ ಲೆಕ್ಕದಲ್ಲಿ ಬಸ್ಸಿನ ದೂರಕ್ಕೆ ಅಂಕ ಕಡಿಮೆ.

ಪಾಲಿಕ್ಲಿನಿಕ್‌ನ ವೈದ್ಯರು, ಫಾರ್ಮಸಿಸ್ಟ್, ನರ್ಸಿಂಗ್ ಸಹಾಯಕರು ಎಲ್ಲರೂ ಗುತ್ತಿಗೆಯವರು. ಜಾಹೀರಾತು, ಸಂದರ್ಶನ, ಸೀಮಿತ ಅವಧಿಯ ಕರಾರು. ಮಂಗಳೂರು, ಮಣಿಪಾಲದಂಥ ಕಡೆ ಖಾಸಗಿ ಆಸ್ಪತ್ರೆಗಳ ಪೈಪೋಟಿ ಇರುವಾಗ ಒಳ್ಳೆಯ ತಜ್ಞರು ಇಂಥ ಹುದ್ದೆಗೆ ಬಂದು ನಿಲ್ಲುವುದು ಸುಲಭವಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ. ಔಷಧಿ ಬರುವುದು ಸೇನೆಯ ವೈದ್ಯಕೀಯ ಸರಬರಾಜಿನ ದಾರಿಯಲ್ಲಿ. ಇಲ್ಲದ ಔಷಧಿಗೆ 'ಎನ್‌ಎ' ಅಂತ ಬರೆದುಕೊಡುತ್ತಾರೆ. ನಿಗದಿತ ಮೆಡಿಕಲ್‌ನಿಂದ ತರಿಸಿಕೊಡಬೇಕು, ಅಥವಾ ರೋಗಿ ಕೈಯಿಂದ ಕೊಂಡು ಬಿಲ್ ಹಾಕಬೇಕು. ಶುಗರ್, ಬಿಪಿ ಮಾತ್ರೆ ತಿಂಗಳು ತಿಂಗಳೂ ಬೇಕಾದವರಿಗೆ ಯೋಜನೆಯ ಗುಣಮಟ್ಟ ಅಂದರೆ ಮುಖ್ಯವಾಗಿ ಈ ಎರಡಕ್ಷರ.

ತಜ್ಞ ಚಿಕಿತ್ಸೆ ಬೇಕಾದರೆ ಒಡಂಬಡಿಕೆ ಮಾಡಿಕೊಂಡ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ರೋಗಿ ಹಣ ಕಟ್ಟುವಂತಿಲ್ಲ, ಆಸ್ಪತ್ರೆ ಸರ್ಕಾರಕ್ಕೆ ಬಿಲ್ ಕಳಿಸುತ್ತದೆ. 2012ರಿಂದ ಈ ಬಿಲ್ಲುಗಳ ಪರಿಶೀಲನೆ ಆನ್‌ಲೈನ್ ಆಗಿದೆ, ಯುಟಿಐಐಟಿಎಸ್‌ಎಲ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ತುರ್ತು ಇದ್ದಾಗ ರೆಫರಲ್ ಬೇಕಿಲ್ಲ, ನೇರ ಹೋಗಬಹುದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೂ ಪಾಲಿಕ್ಲಿನಿಕ್‌ಗೆ ಬೇಗ ತಿಳಿಸಿದರೆ ಸರ್ಕಾರಿ ದರದಲ್ಲಿ ಹಣ ವಾಪಸು ಸಿಗುತ್ತದೆ. ಸರ್ಕಾರಿ ದರಕ್ಕೂ ಆಸ್ಪತ್ರೆಯ ಬಿಲ್ಲಿಗೂ ಇರುವ ಅಂತರ ಮಾತ್ರ ಮನೆಯವರ ತಲೆ ಮೇಲೆ. (ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಶಿವಕಾಂತ್ ಝಾ ಪ್ರಕರಣದಲ್ಲಿ ಹೇಳಿದೆ. ಅದು ಕೇಂದ್ರ ನೌಕರರ ಸಿಜಿಎಚ್‌ಎಸ್ ಬಗೆಗಿನ ತೀರ್ಪು. ಆದರೂ ಬಿಲ್ ತಿರಸ್ಕಾರವಾದವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.)

ಆಸ್ಪತ್ರೆಗಳು ಯಾಕೆ ಹಿಂದೆ ಸರಿಯುತ್ತವೆ

ಇಸಿಎಚ್‌ಎಸ್‌ಗೆ ಸ್ವಂತ ದರಪಟ್ಟಿ ಇಲ್ಲ. ಅದು ಸಿಜಿಎಚ್‌ಎಸ್ ದರಗಳನ್ನು ಅನುಸರಿಸುತ್ತದೆ. ಆ ದರಗಳು 2014ರ ನಂತರ ಬಹುಕಾಲ ಹೆಚ್ಚು ಅಲುಗಾಡಲಿಲ್ಲ, ನಡುವೆ ಅಲ್ಲೊಂದು ಇಲ್ಲೊಂದು ತಿದ್ದುಪಡಿ ಆಯಿತು. ಸಮಗ್ರ ಪರಿಷ್ಕರಣೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷದ ಹಿಂದಿನ ರೇಟಿಗೆ ಆಪರೇಷನ್ ಮಾಡಿ, ಅದರ ದುಡ್ಡಿಗೂ ತಿಂಗಳುಗಟ್ಟಲೆ ಕಾಯಬೇಕೆಂದರೆ ಯಾವ ಖಾಸಗಿ ಆಸ್ಪತ್ರೆಗಾದರೂ ಉತ್ಸಾಹ ಇಳಿಯುತ್ತದೆ. ಅವರು ಬಾಗಿಲು ಹಾಕುವುದಿಲ್ಲ, "ಬೆಡ್ ಇಲ್ಲ" ಅಂತಾರೆ, ಅಥವಾ ಕೆಲವು ವಿಭಾಗಗಳಿಗೆ ಮಾತ್ರ ಒಪ್ಪಂದ ಉಳಿಸಿಕೊಳ್ಳುತ್ತಾರೆ.

ಹೊಸ ದರಪಟ್ಟಿಯಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ನಗರಗಳನ್ನು ಮೂರು ಹಂತ ಮಾಡಿದ್ದಾರೆ. ಬೆಂಗಳೂರಿನಂಥ ಮೊದಲ ಹಂತದ ನಗರಕ್ಕೆ ಪೂರ್ತಿ ದರ. ಎರಡನೇ ಹಂತಕ್ಕೆ ಶೇ 10 ಕಡಿಮೆ, ಮೂರನೆಯದಕ್ಕೆ ಶೇ 20 ಕಡಿಮೆ. ಕೇಂದ್ರದ ವರ್ಗೀಕರಣದಲ್ಲಿ ಮಂಗಳೂರು ಎರಡನೆಯದು. ಉಡುಪಿ, ಮಣಿಪಾಲ ಆ ಪಟ್ಟಿಯಲ್ಲೇ ಇಲ್ಲ, ಅಂದರೆ ಮೂರನೆಯದು. ಊರು ಚಿಕ್ಕದಾದರೆ ಚಿಕಿತ್ಸೆಯ ಖರ್ಚೂ ಚಿಕ್ಕದು ಎಂಬುದು ದಿಲ್ಲಿಯ ತರ್ಕ. ಆದರೆ ಮಣಿಪಾಲ ಹಾಗಿಲ್ಲ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಂದಿನಿಂದ ಈ ಗುಡ್ಡಕ್ಕೆ ಉತ್ತರ ಕನ್ನಡದಿಂದ, ಮಲೆನಾಡಿನಿಂದ, ಕೇರಳದ ಗಡಿಯಿಂದ ರೋಗಿಗಳು ಬರುತ್ತಿದ್ದಾರೆ. ಊರು ಸಣ್ಣದು, ಆಸ್ಪತ್ರೆ ದೊಡ್ಡ ನಗರದ್ದು. ಬೆಂಗಳೂರಿನ ಯಂತ್ರ, ಬೆಂಗಳೂರಿನ ಸ್ಟೆಂಟ್, ಇಲ್ಲಿ ಐದನೇ ಒಂದು ಭಾಗ ಕಡಿಮೆ ದರ. ಇದರ ಪರಿಣಾಮ ಯಾವ ವಿಭಾಗದ ಮೇಲೆ, ಎಷ್ಟು ಅಂತ ಮುಂದಿನ ಎರಡು ಮೂರು ವರ್ಷಗಳಲ್ಲಿ ಗೊತ್ತಾಗುತ್ತದೆ. ಯಾರಾದರೂ ಲೆಕ್ಕ ಇಟ್ಟರೆ ಮಾತ್ರ.

ಸಂಸತ್ತು ನೋಡುವುದು ಏನನ್ನು?

ಈಗ ಉಸ್ತುವಾರಿಗೆ ಬರೋಣ. ಇಸಿಎಚ್‌ಎಸ್ ರಕ್ಷಣಾ ಸಚಿವಾಲಯದ ಅಡಿಯಲ್ಲಿದೆ. ಅದರಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆ 2004ರಲ್ಲಿ ಪ್ರತ್ಯೇಕ ಇಲಾಖೆ ಆಯಿತು. ಹಾಗಾಗಿ ಪ್ರಶ್ನಿಸುವ ಅಧಿಕಾರ ಸಂಸತ್ತಿನದು. ಅದಕ್ಕೆ ಸಂಸತ್ತಿನಲ್ಲಿ ನಾಲ್ಕು ದಾರಿಗಳಿವೆ: ಸದನದ ಪ್ರಶ್ನೆ, ರಕ್ಷಣಾ ಸ್ಥಾಯಿ ಸಮಿತಿ, ಸಿಎಜಿ ವರದಿ ಮತ್ತು ಅದನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಕೊನೆಗೆ ಅರ್ಜಿಗಳ ಸಮಿತಿ.

ಸ್ಥಾಯಿ ಸಮಿತಿಯಲ್ಲಿ 31 ಸದಸ್ಯರು, 21 ಮಂದಿ ಲೋಕಸಭೆಯಿಂದ, 10 ಮಂದಿ ರಾಜ್ಯಸಭೆಯಿಂದ. ಬಜೆಟ್ ಮಂಡನೆಯಾದ ಮೇಲೆ ಸದನ ಬಿಡುವು ಪಡೆದಾಗ ಸಚಿವಾಲಯದ ಅಧಿಕಾರಿಗಳನ್ನು ಕರೆಸಿ ಅನುದಾನ ಬೇಡಿಕೆಗಳನ್ನು ಪರಿಶೀಲಿಸುತ್ತಾರೆ. ಬಾಗಿಲು ಮುಚ್ಚಿ ಸಭೆ, ಆಮೇಲೆ ವರದಿ ಬಹಿರಂಗ. ಸದನದಲ್ಲಿ ರಕ್ಷಣಾ ಬೇಡಿಕೆಗಳು ಎಷ್ಟೋ ವರ್ಷ ಚರ್ಚೆಯೇ ಇಲ್ಲದೆ ಗಿಲೊಟಿನ್‌ನಲ್ಲಿ ಪಾಸಾಗುತ್ತವೆ. ಹಾಗಾಗಿ ನಿಜವಾದ ಕೆಲಸ ನಡೆಯುವುದು ಈ ಕೋಣೆಯಲ್ಲೇ.

ಈ ಸಮಿತಿ ಮಾಜಿ ಸೈನಿಕರ ಚಿಕಿತ್ಸೆಯನ್ನು ಮರೆತಿದೆ ಅನ್ನುವಂತಿಲ್ಲ. ಇಸಿಎಚ್‌ಎಸ್‌ಗೆ ಕೊಡುವ ಹಣ ಸಾಲದು, ಒಂದು ವರ್ಷದ ಬಿಲ್ ಮುಂದಿನ ವರ್ಷದ ಅನುದಾನದಲ್ಲಿ ತೀರಿಸಬೇಕಾಗುತ್ತಿದೆ ಎಂದು ಮತ್ತೆ ಮತ್ತೆ ಬರೆದಿದೆ. ಅದರ ಫಲ ಇತ್ತೀಚಿನ ಅಂಕಿಗಳಲ್ಲಿ ಕಾಣುತ್ತಿದೆ. 2024-25ಕ್ಕೆ 6,968 ಕೋಟಿ ರೂ., 2025-26ಕ್ಕೆ 8,317 ಕೋಟಿ, 2026-27ರ ಬಜೆಟ್‌ನಲ್ಲಿ 12,100 ಕೋಟಿ. ಒರಟಾಗಿ ಭಾಗಿಸಿದರೆ ಒಬ್ಬ ಫಲಾನುಭವಿಗೆ ವರ್ಷಕ್ಕೆ ಸುಮಾರು 20 ಸಾವಿರ ರೂ. ಇದು ಸಣ್ಣ ಏರಿಕೆಯಲ್ಲ, ಸರ್ಕಾರಕ್ಕೆ ಈ ಮಟ್ಟಿಗೆ ಅಂಕ ಕೊಡಲೇಬೇಕು.

ಆದರೆ ಗಮನಿಸಿ, ಇದೆಲ್ಲ ಹಣದ ಮಾತು. ಆ ಹಣಕ್ಕೆ ಮಂಗಳೂರಿನ ಪಾಲಿಕ್ಲಿನಿಕ್‌ನಲ್ಲಿ ಮಾತ್ರೆ ಸಿಕ್ಕಿತೇ, ಕಾಪುವಿನ ವಿಧವೆಗೆ ಮಂಡಿ ಆಪರೇಷನ್‌ಗೆ ಎಷ್ಟು ದಿನ ಕಾಯಬೇಕಾಯಿತು ಎಂಬುದು ಆ ವರದಿಗಳ ಅಳತೆಗೆ ಸಿಗುವುದಿಲ್ಲ. ಅದಕ್ಕೊಂದು ಕಾರಣ ನಿಯಮದಲ್ಲೇ ಇದೆ. ಸ್ಥಾಯಿ ಸಮಿತಿಗಳು ಸಚಿವಾಲಯದ ದಿನನಿತ್ಯದ ಆಡಳಿತದ ವಿಷಯಗಳನ್ನು ಪರಿಗಣಿಸುವಂತಿಲ್ಲ. ಒಂದು ಪಾಲಿಕ್ಲಿನಿಕ್‌ನ ಒಂದು ಖಾಲಿ ಹುದ್ದೆ ದಿನನಿತ್ಯದ ಆಡಳಿತ. ನಾನೂರು ಪಾಲಿಕ್ಲಿನಿಕ್‌ಗಳ ಖಾಲಿ ಹುದ್ದೆ ನೀತಿಯ ಪ್ರಶ್ನೆ. ಈ ಎರಡರ ನಡುವೆ ಎಲ್ಲೋ ನಮ್ಮ ಹವಾಲ್ದಾರರು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾರೆ.

ಇನ್ನೊಂದು ಮಿತಿ, ಸಮಿತಿಯ ಶಿಫಾರಸು ಕಡ್ಡಾಯವಲ್ಲ. ಸರ್ಕಾರ ಮೂರು ತಿಂಗಳಲ್ಲಿ ಏನು ಕ್ರಮ ಕೈಗೊಂಡೆ ಅಂತ ಉತ್ತರ ಕೊಡಬೇಕು, ಅಷ್ಟೆ. "ಗಮನಿಸಲಾಗಿದೆ" ಎಂಬುದೂ ಉತ್ತರವೇ. ಸಮಿತಿ ವರ್ಷ ವರ್ಷ ಪುನರ್ರಚನೆಯಾಗುತ್ತದೆ, ಮುಖಗಳು ಬದಲಾಗುತ್ತವೆ. ಅಧ್ಯಕ್ಷರು ಗಟ್ಟಿ ಮಾತಾಡಿದರೆ ಏನಾಗಬಹುದು ಎಂಬುದಕ್ಕೂ ಉದಾಹರಣೆ ಇದೆ. ನಿವೃತ್ತ ಮೇಜರ್ ಜನರಲ್ ಬಿ.ಸಿ. ಖಂಡೂರಿ 2014ರಿಂದ ಈ ಸಮಿತಿಯ ಅಧ್ಯಕ್ಷರಾಗಿದ್ದರು, ಆಡಳಿತ ಪಕ್ಷದವರೇ. 2018ರ ಮಾರ್ಚ್‌ನಲ್ಲಿ ಸೇನೆಯ ಶೇ 68ರಷ್ಟು ಉಪಕರಣ ಹಳೆಯ ಕಾಲದ್ದು ಎಂಬ ಮಾತನ್ನು ಅವರ ಸಮಿತಿ ದಾಖಲಿಸಿತು. ಅದೇ ಸೆಪ್ಟೆಂಬರ್‌ನಲ್ಲಿ ಸಮಿತಿ ಪುನರ್ರಚನೆಯಾದಾಗ ಅವರ ಜಾಗಕ್ಕೆ ಕಲ್ರಾಜ್ ಮಿಶ್ರಾ ಬಂದರು. ಒಂದಕ್ಕೊಂದು ಸಂಬಂಧ ಇತ್ತೋ ಇಲ್ಲವೋ, ನೋಡುವವರು ಪಾಠ ಕಲಿಯದೆ ಇರುವುದಿಲ್ಲ.

ಗುಣಮಟ್ಟದ ಹತ್ತಿರಕ್ಕೆ ಹೆಚ್ಚು ಬಂದದ್ದು ಸಿಎಜಿ. 2015ರ 51ನೇ ಸಂಖ್ಯೆಯ ವರದಿ ಪೂರ್ತಿಯಾಗಿ ಇಸಿಎಚ್‌ಎಸ್ ಬಗ್ಗೆಯೇ ಇದೆ. ಲೆಕ್ಕ ಪರಿಶೋಧಕರು ಪಾಲಿಕ್ಲಿನಿಕ್‌ಗಳಿಗೇ ಹೋಗಿ ಔಷಧಿಯ ಕೊರತೆ, ಸಿಬ್ಬಂದಿಯ ಕೊರತೆ, ಉಪಕರಣಗಳ ಕೊರತೆ, ಬಿಲ್ ಪರಿಶೀಲನೆಯ ಲೋಪಗಳನ್ನು ಬರೆದರು. ಆಡಿಟ್‌ನ ಬಲ ಇದೇ, ಅದು ಕಡತವನ್ನು ನಂಬುವುದಿಲ್ಲ, ಕಪಾಟು ತೆರೆದು ನೋಡುತ್ತದೆ. ದೌರ್ಬಲ್ಯವೂ ಇದೆ. ಅಂಥ ಪೂರ್ಣ ಪರಿಶೋಧನೆ ಪ್ರತಿ ವರ್ಷ ನಡೆಯುವುದಿಲ್ಲ. ಮೇಲಾಗಿ ಸಿಎಜಿ ನೋಡುವುದು ಸರ್ಕಾರದ ಹಣ ಪೋಲಾಯಿತೇ ಅಂತ. ರೋಗಿ ಗುಣವಾದನೇ ಅನ್ನುವುದು ಅದರ ಮೊದಲ ಪ್ರಶ್ನೆಯಲ್ಲ.

ಸದನದ ಪ್ರಶ್ನೆ ಇದ್ದುದರಲ್ಲಿ ಅಗ್ಗದ, ಹರಿತವಾದ ಅಸ್ತ್ರ. ಕೇಳುವವರು ಸರಿಯಾಗಿ ಕೇಳಬೇಕು. "ಮಾಜಿ ಸೈನಿಕರ ಆರೋಗ್ಯಕ್ಕೆ ಸರ್ಕಾರ ಏನು ಕ್ರಮ ಕೈಗೊಂಡಿದೆ" ಅಂತ ಕೇಳಿದರೆ ಯೋಜನೆಯ ಜಾಹೀರಾತೇ ಉತ್ತರವಾಗಿ ಬರುತ್ತದೆ. ಮಂಗಳೂರು ಪಾಲಿಕ್ಲಿನಿಕ್‌ಗೆ ಮಂಜೂರಾದ ವೈದ್ಯರ ಹುದ್ದೆ ಎಷ್ಟು, ಕಳೆದ ಮೂರು ವರ್ಷದಲ್ಲಿ ಪ್ರತಿಯೊಂದೂ ಎಷ್ಟು ತಿಂಗಳು ಖಾಲಿ ಇತ್ತು, ಬರೆದುಕೊಟ್ಟ ಔಷಧಿಗಳಲ್ಲಿ ಶೇಕಡಾ ಎಷ್ಟು 'ಎನ್‌ಎ', ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಒಪ್ಪಂದ ಮುಗಿಸಿ ಹೊರಟ ಆಸ್ಪತ್ರೆಗಳು ಯಾವುವು, ಯಾಕೆ, 90 ದಿನ ದಾಟಿದ ಬಿಲ್ ಎಷ್ಟು ಅಂತ ಕೇಳಿದರೆ ಸಚಿವರು ಅಂಕಿ ಕೊಡಲೇಬೇಕು. ಪ್ರಶ್ನೆಗೆ 150 ಪದಗಳ ಮಿತಿ ಇದೆ, ಇಷ್ಟೆಲ್ಲ ಅದರಲ್ಲಿ ಹಿಡಿಯುತ್ತದೆ. ಬಾಯಿಮಾತಿನ ಉತ್ತರ ಬೇಡ, ಲಿಖಿತ ಉತ್ತರ ಸಾಕು ಎಂದರೆ ದಿನಕ್ಕೆ 230 ಪ್ರಶ್ನೆಗಳಿಗೆ ಲೋಕಸಭೆಯಲ್ಲಿ ಜಾಗ ಇದೆ.

ಮೂವರು ಸಂಸದರು, ಒಂದು ಪಾಲಿಕ್ಲಿನಿಕ್

ಯಾರು ಕೇಳಬೇಕು ಎಂಬಲ್ಲಿ ನಮ್ಮ ಜಿಲ್ಲೆಗೊಂದು ವಿಚಿತ್ರ ಫಜೀತಿ. ಉಡುಪಿ, ಕಾಪು, ಕಾರ್ಕಳ, ಕುಂದಾಪುರ ಇರುವುದು ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ, ಸಂಸದರು ಕೋಟ ಶ್ರೀನಿವಾಸ ಪೂಜಾರಿ. ಬೈಂದೂರು ಇರುವುದು ಶಿವಮೊಗ್ಗ ಕ್ಷೇತ್ರದಲ್ಲಿ, ಸಂಸದರು ಬಿ.ವೈ. ರಾಘವೇಂದ್ರ. ಪಾಲಿಕ್ಲಿನಿಕ್ ಇರುವುದು ದಕ್ಷಿಣ ಕನ್ನಡದಲ್ಲಿ, ಸಂಸದರು ಕ್ಯಾ. ಬ್ರಿಜೇಶ್ ಚೌಟ. ಅವರು ಸ್ವತಃ ಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಮೂವರೂ ಒಂದೇ ಪಕ್ಷದವರು. ಒಟ್ಟಿಗೆ ಕೂತು ಮೂರು ಪ್ರಶ್ನೆ ಹಂಚಿಕೊಂಡರೆ ಒಂದೇ ಅಧಿವೇಶನದಲ್ಲಿ ಈ ಭಾಗದ ಪೂರ್ತಿ ಚಿತ್ರ ಸದನದ ದಾಖಲೆಗೆ ಬರುತ್ತದೆ. ಹಂಚಿಕೊಳ್ಳದಿದ್ದರೆ ಮೂವರಿಗೂ "ಅದು ಅವರ ಕ್ಷೇತ್ರದ್ದು" ಅನ್ನುವ ಅವಕಾಶ ಇದ್ದೇ ಇದೆ.

ಶಾಸಕರ ಕೈಯಲ್ಲಿ ಏನಿದೆ? ನಮ್ಮಲ್ಲಿ ಜನ ಮೊದಲು ಹೋಗುವುದು ಶಾಸಕರ ಮನೆಗೇ. ಕಾರ್ಕಳದ ಸುನಿಲ್ ಕುಮಾರ್ ಇರಲಿ, ಕಾಪುವಿನ ಗುರ್ಮೆ ಸುರೇಶ್ ಶೆಟ್ಟಿ ಇರಲಿ, ಉಡುಪಿಯ ಯಶ್‌ಪಾಲ್ ಸುವರ್ಣ ಇರಲಿ, ವಿಧಾನಸಭೆಯಲ್ಲಿ ಇಸಿಎಚ್‌ಎಸ್ ಬಗ್ಗೆ ಕೇಳಿದರೆ ಅದು ಕೇಂದ್ರದ ವಿಷಯ ಅಂತ ಉತ್ತರ ಬರುತ್ತದೆ. ಮಣಿಪಾಲದ ರಜತಾದ್ರಿಯಲ್ಲಿ ಕೆಡಿಪಿ ಸಭೆ ನಡೆದಾಗ ಜಿಲ್ಲಾ ಆರೋಗ್ಯಾಧಿಕಾರಿ ಡೆಂಗಿಯಿಂದ ಹಿಡಿದು ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಯಂತ್ರದವರೆಗೆ ಉತ್ತರ ಕೊಡಬೇಕು. ಪಾಲಿಕ್ಲಿನಿಕ್ ಬಗ್ಗೆ ಅವರನ್ನು ಕೇಳಿ ಪ್ರಯೋಜನ ಇಲ್ಲ, ಅದು ಅವರ ಅಧೀನದಲ್ಲಿಲ್ಲ. ರಾಜ್ಯದ್ದೇ ಆದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಆದರೆ ಈ ಭಾಗದ ಉಪನಿರ್ದೇಶಕರ ಕಚೇರಿಯೂ ಮಂಗಳೂರಿನಲ್ಲೇ. 1997ರ ಆಗಸ್ಟ್‌ನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು, ಸೈನಿಕರ ಮಟ್ಟಿಗೆ ಈ ವಿಭಜನೆ ಇನ್ನೂ ಪೂರ್ತಿಯಾಗಿಲ್ಲ.

ಆದರೂ ರಾಜ್ಯದ ಕೈಯಲ್ಲಿ ಎರಡು ಎಳೆ ಇದೆ. ಮೊದಲನೆಯದು ಜಾಗ. ಕೇಂದ್ರ ಪಾಲಿಕ್ಲಿನಿಕ್ ಮಂಜೂರು ಮಾಡಿದರೂ ಕಟ್ಟಲು ನೆಲ ಬೇಕು. ಉಡುಪಿಯಲ್ಲಿ ಸರ್ಕಾರಿ ಜಾಗ ಗುರುತಿಸಿ, ಪಹಣಿ ಸಮೇತ ಕಡತ ಸಿದ್ಧ ಇಟ್ಟರೆ ದಿಲ್ಲಿಗೆ ಇಲ್ಲ ಅನ್ನಲು ಒಂದು ನೆವ ಕಡಿಮೆಯಾಗುತ್ತದೆ. ಅದು ಜಿಲ್ಲಾಧಿಕಾರಿ, ಶಾಸಕರ ಕೆಲಸ. ಎರಡನೆಯದು ಕೆಪಿಎಂಇ, ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ 2017ರಲ್ಲಿ ಇದಕ್ಕೆ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ರೋಗಿಗಳ ಹಕ್ಕುಗಳ ಸನ್ನದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಈ ಕಾಯ್ದೆಯಲ್ಲಿವೆ. ಇಸಿಎಚ್‌ಎಸ್ ರೋಗಿಯೂ ಆಸ್ಪತ್ರೆಯೊಳಗೆ ಹೋದ ಮೇಲೆ ರೋಗಿಯೇ. ಬಿಲ್ ಯಾರು ಕೊಡುತ್ತಾರೆ ಎಂಬುದರ ಮೇಲೆ ಹಕ್ಕು ಬದಲಾಗುವುದಿಲ್ಲ. ಆಸ್ಪತ್ರೆಯೊಳಗಿನ ನಿರ್ಲಕ್ಷ್ಯದ ಬಗ್ಗೆ ದೂರಿದ್ದರೆ ದಿಲ್ಲಿಗೆ ಬರೆಯುವ ಮೊದಲು ಇಲ್ಲಿ ಬರೆಯಬಹುದು, ಇಲ್ಲಿ ನಡೆಯದಿದ್ದರೆ ಶಾಸಕರು ಅದನ್ನು ಸದನದಲ್ಲಿ ಕೇಳಬಹುದು. ಈ ದಾರಿ ಇದೆ ಎಂಬುದೇ ಮಾಜಿ ಸೈನಿಕರಲ್ಲಿ ಹೆಚ್ಚಿನವರ ಕಿವಿಗೆ ಬಿದ್ದಿಲ್ಲ.

ಅಮೆರಿಕದಲ್ಲಿ ಆದದ್ದು

ಗುಣಮಟ್ಟವನ್ನು ಶಾಸಕಾಂಗ ಅಳೆಯಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಹೇಳಬೇಕು. ಅಲ್ಲಿ ಸಂಸತ್ತಿನ ಎರಡೂ ಸದನಗಳಲ್ಲಿ ಮಾಜಿ ಯೋಧರಿಗೇ ಪ್ರತ್ಯೇಕ ಸಮಿತಿಗಳಿವೆ. 2014ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್‌ನ ಸರ್ಕಾರಿ ಯೋಧರ ಆಸ್ಪತ್ರೆ, ವೈದ್ಯರ ಭೇಟಿಗೆ ಕಾಯುವವರ ಪಟ್ಟಿಯನ್ನೇ ತಿದ್ದುತ್ತಿದೆ ಎಂಬ ಸುದ್ದಿ ಹೊರಬಿತ್ತು. ತನಿಖೆ ಮಾಡಿದ ಇನ್‌ಸ್ಪೆಕ್ಟರ್ ಜನರಲ್ ಅಧಿಕೃತ ಪಟ್ಟಿಯಲ್ಲಿ ಹೆಸರೇ ಇಲ್ಲದೆ ಕಾಯುತ್ತಿದ್ದ 1,700 ಯೋಧರನ್ನು ಪತ್ತೆ ಮಾಡಿದರು. ಮೇ 30ರಂದು ಇಲಾಖೆಯ ಮಂತ್ರಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಅವರೂ ಸೇನೆಯ ಜನರಲ್ ಆಗಿದ್ದವರೇ. ಆಗಸ್ಟ್‌ನಲ್ಲಿ ಹೊಸ ಕಾನೂನು ಬಂತು: ದೂರ ಇರುವವರು, ತುಂಬಾ ದಿನ ಕಾಯಬೇಕಾದವರು ಹತ್ತಿರದ ಖಾಸಗಿ ವೈದ್ಯರ ಹತ್ತಿರ ಹೋಗಬಹುದು. ಈಗ ಯಾವ ಊರಿನ ಕೇಂದ್ರದಲ್ಲಿ ಎಷ್ಟು ದಿನ ಕಾಯಬೇಕು ಅಂತ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಅಲ್ಲಿಯ ಎಲ್ಲವೂ ಚೆನ್ನಾಗಿದೆ ಅಂತಲ್ಲ. ಅಲ್ಲಿ ಸರ್ಕಾರವೇ ಆಸ್ಪತ್ರೆ ನಡೆಸುತ್ತದೆ, ನಮ್ಮಲ್ಲಿ ಹೆಚ್ಚಿನ ಚಿಕಿತ್ಸೆ ಖಾಸಗಿಯವರದು, ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೆ ಆ ಹಗರಣ ಹೊರಬಿದ್ದದ್ದೇ ಕಾಯುವ ದಿನಗಳಿಗೆ ಒಂದು ಲೆಕ್ಕ ಇದ್ದುದರಿಂದ. ಲೆಕ್ಕ ಇತ್ತು, ಹಾಗಾಗಿ ಸುಳ್ಳು ಲೆಕ್ಕ ಸಿಕ್ಕಿಬಿತ್ತು. ಇಸಿಎಚ್‌ಎಸ್‌ನಲ್ಲೂ ರೆಫರಲ್‌ನ ದಿನಾಂಕ, ಆಸ್ಪತ್ರೆ ಸೇರಿದ ದಿನಾಂಕ, ಬಿಲ್‌ನ ದಿನಾಂಕ ಮೂರೂ ಕಂಪ್ಯೂಟರ್‌ನಲ್ಲಿವೆ. ಕಳೆದು ನೋಡಿ ಪ್ರಕಟಿಸಿ ಅಂತ ಸಂಸತ್ತು ಹೇಳಬೇಕು, ಅಷ್ಟೇ.

ಅರ್ಜಿ ಎಂಬ ಹಳೆಯ ದಾರಿ

ಮಾಜಿ ಸೈನಿಕರಿಗೆ ಸಂಸತ್ತಿನ ಬಾಗಿಲು ತಟ್ಟಿ ಗೆದ್ದ ಅನುಭವ ಇಲ್ಲದಿಲ್ಲ. ಸಮಾನ ಹುದ್ದೆಗೆ ಸಮಾನ ಪಿಂಚಣಿಯ ಹೋರಾಟದಲ್ಲಿ ಅವರು ರಾಜ್ಯಸಭೆಯ ಅರ್ಜಿಗಳ ಸಮಿತಿಗೆ ಹೋದರು. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ಆ ಸಮಿತಿ 2011ರ ಡಿಸೆಂಬರ್‌ನಲ್ಲಿ ಬೇಡಿಕೆ ನ್ಯಾಯವಾದದ್ದು ಅಂತ ವರದಿ ಕೊಟ್ಟಿತು. ಆದೇಶ ಬಂದದ್ದು 2015ರ ನವೆಂಬರ್‌ನಲ್ಲಿ, ಜಂತರ್ ಮಂತರ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ. ನಾಲ್ಕು ವರ್ಷ ಹಿಡಿಯಿತು. ಆದರೆ ಆ ವರದಿ ಇಲ್ಲದಿದ್ದರೆ ಧರಣಿಗೆ ಹಿಡಿದುಕೊಳ್ಳಲು ಕಾಗದ ಇರುತ್ತಿರಲಿಲ್ಲ.

ಚಿಕಿತ್ಸೆಯ ಗುಣಮಟ್ಟದ ವಿಷಯದಲ್ಲೂ ಈ ದಾರಿ ತೆರೆದೇ ಇದೆ. ಲೋಕಸಭೆಯಲ್ಲೂ ಅರ್ಜಿಗಳ ಸಮಿತಿ ಇದೆ, ಸಂಸದರ ಮೂಲಕ ಅರ್ಜಿ ಮಂಡಿಸಬಹುದು. ಅದಕ್ಕೆ ಮೊದಲು ಮಾಹಿತಿ ಹಕ್ಕಿನಲ್ಲಿ ಬೆಂಗಳೂರು ಪ್ರಾದೇಶಿಕ ಕೇಂದ್ರದಿಂದ ಖಾಲಿ ಹುದ್ದೆ, ಔಷಧಿ, ಬಾಕಿ ಬಿಲ್‌ನ ಅಂಕಿ ತರಿಸಿಕೊಳ್ಳಬೇಕು. 30 ದಿನದಲ್ಲಿ ಉತ್ತರ ಕೊಡಬೇಕೆಂದು ಕಾನೂನಿದೆ. ಉಡುಪಿ, ಕಾಪು, ಕಾರ್ಕಳ, ಕುಂದಾಪುರ, ಬೈಂದೂರಿನ ಎಷ್ಟು ಕಾರ್ಡುದಾರರು ಮಂಗಳೂರಿಗೆ ಹೋಗುತ್ತಿದ್ದಾರೆ ಎಂಬ ಸಂಖ್ಯೆ ಅದರಲ್ಲಿ ಮೊದಲು ಬೇಕು. ಉಡುಪಿಗೆ ಪಾಲಿಕ್ಲಿನಿಕ್ ಸಿಗುವುದೋ, ಕನಿಷ್ಠ ವಾರಕ್ಕೆ ಎರಡು ದಿನ ಬರುವ ಮೊಬೈಲ್ ಕ್ಲಿನಿಕ್ ಸಿಗುವುದೋ ಎಂಬುದು ಅದರ ಮೇಲೆಯೇ ನಿಂತಿದೆ.

ಇನ್ನೊಂದು ಗುಂಪಿದೆ, ಅವರು ಈ ಪಟ್ಟಿಗಳಲ್ಲೆಲ್ಲೂ ಬರುವುದಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಗೆ, 2027ರ ಆರಂಭಕ್ಕೆ ಮುಗಿಯುತ್ತದೆ. ನೂರಕ್ಕೆ ಗರಿಷ್ಠ 25 ಮಂದಿಯನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ಯೋಜನೆಯ ಷರತ್ತಿನಂತೆ ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನ ಇಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ. ಸಿಯಾಚಿನ್‌ನಲ್ಲಿ ಚಳಿಗಾಲ ಕಳೆದು ಬಂದ ಕಾರ್ಕಳದ 25ರ ಹುಡುಗನಿಗೆ ಎರಡು ವರ್ಷದ ನಂತರ ಬೆನ್ನು ನೋವು ಶುರುವಾದರೆ ಅವನು ಮಂಗಳೂರಿನ ಬಸ್ ಹತ್ತುವ ಪ್ರಮೇಯವೇ ಇಲ್ಲ. ಅವನಿಗೆ ಏನು ವ್ಯವಸ್ಥೆ ಅಂತ ಮುಂದಿನ ಅಧಿವೇಶನದ ಪ್ರಶ್ನೆಗಳ ಪಟ್ಟಿಯಲ್ಲಿ ಸೇರಿಸಬೇಕೆಂದಿದ್ದರೆ, ನೋಟಿಸ್ ಕೊಡಲು ಕನಿಷ್ಠ 15 ದಿನ ಮೊದಲೇ ಸಂಸದರ ಕಚೇರಿಗೆ ಅದನ್ನು ಬರೆದು ತಲುಪಿಸಬೇಕು.